ಮೂರರ ಗೆರೆ ದಾಟದ ಎಂಜಿನ್ನಿಗೆ ಒಬ್ಬ ದರ್ಜಿಯ ಬಿನ್ನಹ

ಮಾನ್ಯ ಎಂಜಿನ್ ಮಹಾಶಯರೇ,

ನನ್ನ ಹಳೆಯ ಕಾರಿನ ಬಾನೆಟ್ಟಿನೊಳಗೆ ಬಹುಕಾಲದಿಂದ ವಿರಾಜಮಾನರಾಗಿರುವ ತಮಗೆ, ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ದರ್ಜಿಯ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಮೊದಲು ಕೇಳುವುದು ವಾಡಿಕೆ. ಕ್ಷೇಮವಾಗಿರಲಿಲ್ಲವೆಂಬುದು ಇಡೀ ಬೀದಿಗೆ ಗೊತ್ತಿರುವುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಈ ಪತ್ರವನ್ನು ಅಂಗಡಿಯ ಬಾಗಿಲಿಗೇ ಅಂಟಿಸುತ್ತಿದ್ದೇನೆ, ಏಕೆಂದರೆ ಮುಚ್ಚಿಟ್ಟುಕೊಳ್ಳುವಷ್ಟು ಮಾನ ನನ್ನ ಬಳಿ ಉಳಿದಿಲ್ಲ.

ಕೆಲವು ವಾರಗಳಿಂದ ತಾವು ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಂದಕ್ಕೆ ಹೋಗುವ ಬದಲು ಬಿಕ್ಕಳಿಸುತ್ತ, ಮೈ ಕುಲುಕಿಸುತ್ತ, ಹಿಂದಿನಿಂದ ಕಪ್ಪು ಹೊಗೆ ಬಿಡುತ್ತ, ತಮ್ಮ ಸುತ್ತಿನ ವೇಗ ತೋರುವ ಆರ್‌ಪಿಎಂ ಮುಳ್ಳು ಮೂರರ ಗೆರೆ ಮುಟ್ಟಿದೊಡನೆ ಅಲ್ಲಿಗೇ ಸಾಕೆಂದು ನಿಂತುಬಿಡುವ ಪದ್ಧತಿಯನ್ನು ರೂಢಿಸಿಕೊಂಡಿರಿ. ಪೆಡಲನ್ನು ನೆಲಕ್ಕೆ ತಾಗುವಂತೆ ತುಳಿದರೂ ಮೇಲಕ್ಕೆ ಆಸೆಪಡದ ತಮ್ಮ ಸಂಯಮ ಯಾವ ಸಂನ್ಯಾಸಿಗಿಂತಲೂ ಕಡಿಮೆಯದಲ್ಲ. ಸಮತಟ್ಟು ರಸ್ತೆಯಾಗಿದ್ದರೆ ನಾನೂ ತಕರಾರು ತೆಗೆಯುತ್ತಿರಲಿಲ್ಲ. ಆದರೆ ಆಸ್ಪತ್ರೆ ಇರುವುದು ಏರಿನ ತುದಿಯಲ್ಲಿ, ಮಗಳು ತುಂಬು ಗರ್ಭಿಣಿ, ಅಳಿಯ ಹಡಗಿನ ಕೆಲಸದಲ್ಲಿ ಸಮುದ್ರದ ನಡುವೆ. ನೋವು ಬಂದಾಗ ನಾನೇ, ನನ್ನ ಕಾರಿನಲ್ಲೇ ಅವಳನ್ನು ಕರೆದುಕೊಂಡು ಹೋಗುವೆನೆಂದು ಅಳತೆ ಕೊಡಲು ಬಂದವರಿಗೆಲ್ಲ, ಟೇಪು ಅವರ ಕೊರಳಲ್ಲಿರುವಾಗಲೇ, ಹೇಳಿಬಿಟ್ಟಿದ್ದೆ. ಯಾವುದಕ್ಕೂ ಒಂದು ಟ್ಯಾಕ್ಸಿಗೆ ಹೇಳಿಡೋಣಪ್ಪ ಎಂದ ಮಗಳ ಮೇಲೆ ಮುನಿಸಿಕೊಂಡು, ಊಟವನ್ನು ಅಂಗಡಿಗೇ ತರಿಸಿಕೊಂಡು ಒಬ್ಬನೇ ಉಂಡಿದ್ದೆ.

ತಮಗೆ ನಾನೇನು ಕಡಿಮೆ ಮಾಡಿದ್ದೆ ಎಂದು ಈಗ ಕೇಳಲೇಬೇಕಾಗಿದೆ. ನಮ್ಮ ಮನೆಯಲ್ಲಿ ಕವರಿಲ್ಲದ ವಸ್ತುವೇ ಇಲ್ಲ. ಟಿವಿಗೆ, ಟಿವಿಯ ರಿಮೋಟಿಗೆ, ಮಿಕ್ಸಿಗೆ, ಗ್ಯಾಸ್ ಸಿಲಿಂಡರಿಗೆ ಎಲ್ಲಕ್ಕೂ ಅಂಚು ಕಟ್ಟಿದ ಕವರುಗಳಿವೆ. ಸುಮ್ನೆ ಒಂದು ಕಡೆ ಕೂತರೆ ನನಗೂ ಒಂದು ಹೊಲಿದು ಹಾಕಿಬಿಡ್ತೀರಿ ಎಂದು ಹೆಂಡತಿ ಹೇಳುವುದುಂಟು. ಅದೇ ಪ್ರೀತಿಯಿಂದ ತಮ್ಮ ಸೀಟಿಗೆ, ಸ್ಟೀರಿಂಗಿಗೆ, ಗೇರಿನ ಕೋಲಿಗೆ ಕವರು ತೊಡಿಸಿದೆ. ತಾವು ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಕೂತ ಏರ್ ಫಿಲ್ಟರ್ ಧೂಳು ತಿಂದು ಕರ್ರಗಾದದ್ದು ಕಂಡು ಕರುಳು ಚುರಕ್ಕೆಂದು, ಹೊಸದನ್ನು ತಂದು, ಅದಾದರೂ ಕೊಳೆಯಾಗದೆ ಇರಲಿ ಎಂದು ಎರಡು ಪದರದ ದಪ್ಪ ಬಟ್ಟೆಯ ಚೀಲ ಹೊಲಿದು, ಲಾಡಿ ಬಿಗಿದು, ಒಳಗಿಟ್ಟೆ. ತಮ್ಮ ಬಿಕ್ಕಳಿಕೆ ಶುರುವಾದದ್ದು ಅದೇ ವಾರ. ಉಪಕಾರ ಸ್ಮರಣೆ ಇಲ್ಲದ ಜಾತಿ ಎಂದುಕೊಂಡು ಸುಮ್ಮನಾದೆ.

ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುವವನಿಗೆ ಕಾರು ಯಾವ ಲೆಕ್ಕ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಎರಡಕ್ಕೂ ಎಣ್ಣೆ ಬೇಕು, ಎರಡಕ್ಕೂ ಬೆಲ್ಟಿದೆ, ಎರಡನ್ನೂ ಕಾಲಿನಿಂದಲೇ ತುಳಿಯುವುದು. ಹೀಗೆ ತರ್ಕಿಸಿ ಮೊದಲು ಎಣ್ಣೆ ಬದಲಿಸಿದೆ. ಪಕ್ಕದ ಕ್ಷೌರಿಕ ಮಿತ್ರರು ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದದ್ದಕ್ಕೆ ಟ್ಯಾಂಕು ಬರಿದು ಮಾಡಿದೆ. ಸ್ಪಾರ್ಕ್ ಪ್ಲಗ್ಗು ಬಿಚ್ಚಿದರೆ ಮಸಿ ಹಿಡಿದಿತ್ತು. ಮಸಿಯೇ ರೋಗವೆಂದು ತಿಳಿದು ಹಲ್ಲುಜ್ಜುವ ಬ್ರಷ್ಷಿನಿಂದ, ಅದೂ ಹೆಂಡತಿಯ ಬ್ರಷ್ಷಿನಿಂದ, ತಿಕ್ಕಿ ಹಾಕಿದೆ. ಬಾನೆಟ್ಟಿನೊಳಗೆ ನನ್ನ ಕೈಗೆಟುಕಿದ್ದನ್ನೆಲ್ಲ ಬಿಚ್ಚಿದೆ, ಆ ಚೀಲವೊಂದನ್ನು ಬಿಟ್ಟು. ಅದನ್ನು ನಾನೇ ಹೊಲಿದದ್ದಲ್ಲವೇ, ಅದರಲ್ಲೇನು ದೋಷವಿರಲು ಸಾಧ್ಯ ಎಂದು ಮುಟ್ಟುವ ಗೋಜಿಗೇ ಹೋಗಲಿಲ್ಲ.

ಕಡೆಗೆ ಆ ದಿನ ಬಂದೇಬಿಟ್ಟಿತು. ಹಿಂದಿನ ಸೀಟಿನಲ್ಲಿ ಮಗಳು, ಅವಳ ಕೈ ಹಿಡಿದುಕೊಂಡು ಅವಳಮ್ಮ. ಏರಿನ ಅರ್ಧಕ್ಕೆ ತಾವು ಎರಡು ಸಲ ಕೆಮ್ಮಿ ಆರಿಹೋದಿರಿ. ಹಿಂದೆ ಸಾಲುಗಟ್ಟಿದ ವಾಹನಗಳು ಹಾರ್ನ್ ಬಾರಿಸಿ ತಮಗೆ ಗೌರವ ಸಲ್ಲಿಸುತ್ತಿದ್ದಾಗ, ಆಸ್ಪತ್ರೆಗೆ ಒಗೆದ ಚಾದರ ಸಾಗಿಸುತ್ತಿದ್ದ ಲಾಂಡ್ರಿಯವರು ವ್ಯಾನು ನಿಲ್ಲಿಸಿ ಬಾಗಿಲು ತೆರೆದರು. ಮಗಳು ಮೂಟೆಗಳ ನಡುವೆ ಒರಗಿ ಹೊರಟುಹೋದಳು. ನೀವು ಕಾರು ನೋಡ್ಕೊಳ್ಳಿ ಎಂದು ಹೆಂಡತಿ ನನಗೆ ಹೇಳಿ ಹೋದಳು. ಹಿಂದಕ್ಕೆ ಜಾರದಂತೆ ತಮ್ಮ ಬ್ರೇಕು ತುಳಿದುಕೊಂಡು, ಸ್ಟೀರಿಂಗಿನ ಕವರಿಗೆ ಮುಖವಿಟ್ಟು ಅತ್ತೆ. ನನಗೆ ಮೊಮ್ಮಗಳು ಹುಟ್ಟಿದ್ದು ನಾನು ಹಾಗೆ ಕೂತಿದ್ದಾಗ.

ಗ್ಯಾರೇಜಿನ ಒಡತಿ ತಮ್ಮನ್ನು ಎಳೆಸಿಕೊಂಡು ಹೋಗಿ, ಏರ್ ಫಿಲ್ಟರಿನ ಪೆಟ್ಟಿಗೆ ತೆರೆದು, ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಇದಕ್ಕೆ ಉಸಿರಾಡೋಕೇ ಬಿಟ್ಟಿಲ್ವಲ್ರೀ ಎಂದರು. ಸ್ವಲ್ಪ ಹೊತ್ತು ತಿರುಗಿಸಿ ನೋಡಿ, ಹೊಲಿಗೆ ಮಾತ್ರ ಚೆನ್ನಾಗಿದೆ ಎಂದು ಸೇರಿಸಿದರು. ಚೀಲವಿಲ್ಲದೆ ಮುಳ್ಳು ಐದರ ಗೆರೆ ದಾಟಿತು. ತಮ್ಮ ಮೇಲೆ ಹೊರಿಸಿದ್ದ ಆರೋಪಗಳನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ. ಆದರೂ, ಉಸಿರು ಕಟ್ಟುತ್ತಿದ್ದರೆ ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತೇ?

ಮಗು ಹುಟ್ಟಿದ ಮರುದಿನ, ಅಂದರೆ ಇಂದು, ಆಸ್ಪತ್ರೆಗೆ ಹೋಗಿ ಬಾಗಿಲ ಬಳಿಯೇ ನಿಂತಿದ್ದೆ. ಕಡೆಗೆ ಮಗುವಿನ ಟೋಪಿಗೆ ಅಳತೆ ತೆಗೆದುಕೊಳ್ಳುತ್ತೇನೆಂದು ನೆಪ ಹೇಳಿ ಮಂಚದ ಬಳಿ ಹೋಗಿ ಜೇಬಿನಿಂದ ಟೇಪು ತೆಗೆದೆ. ಮಗಳು ಅದನ್ನು ಕಿತ್ತುಕೊಂಡು ಪಕ್ಕಕ್ಕಿಟ್ಟು, ಏನೂ ಹೊಲೀಬೇಡಪ್ಪ, ಸುಮ್ನೆ ಎತ್ಕೋ ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ನಾಳೆ ಮನೆಗೆ ನೀನೇ ಕರ್ಕೊಂಡು ಹೋಗು ಎಂದೂ ಹೇಳಿದಳು. ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಇಷ್ಟೇ: ಏರು ಹತ್ತುವಾಗ ಹುಲಿಯಂತೆ ಹತ್ತಿ, ಮಗು ಒಳಗೆ ಬಂದ ಮೇಲೆ ಸದ್ದೇ ಮಾಡಬೇಡಿ, ಗುಂಡಿಗಳಿದ್ದಲ್ಲಿ ನೆಲ ಮುಟ್ಟದೆ ಸಾಗಿ, ಮೂರರ ಗೆರೆಯನ್ನು ಮಾತ್ರ ದಯವಿಟ್ಟು ದಾಟಬೇಡಿ.

ತಮ್ಮನ್ನು ಉಸಿರುಕಟ್ಟಿಸಿಯೂ ತಮ್ಮ ವಿಶ್ವಾಸಿಯೇ ಆಗಿರುವ,
ತಿರುವಿನಂಗಡಿಯ ದರ್ಜಿ

ತಾ.ಕ.: ಆಸ್ಪತ್ರೆಯ ಮೆಟ್ಟಿಲ ಬಳಿ ಲಾಂಡ್ರಿಯವರು ಸಿಕ್ಕಿ, ನಾಳೆ ವ್ಯಾನು ಖಾಲಿ ಇದೆಯೆಂದು ಬಹಳ ವಿನಯದಿಂದ ತಿಳಿಸಿದರು. ಅಗತ್ಯ ಬೀಳುವುದಿಲ್ಲವೆಂದು ನಾನು ಅಷ್ಟೇ ವಿನಯದಿಂದ ಹೇಳಿದೆ. ನನ್ನ ಬೆನ್ನ ಹಿಂದೆ ನಿಂತು ಹೆಂಡತಿ ಅವರ ಫೋನ್ ನಂಬರ್ ಬರೆದುಕೊಂಡಳು.