ಲೇಬಲ್ ಇಲ್ಲದ ಡಬ್ಬಿ, ಬ್ರೇಕ್ ಇಲ್ಲದ ಬಾಯಿ

ನನ್ನ ಒಲೆಯ ಮುಂದಿನಿಂದ ನನ್ನನ್ನು ಎಬ್ಬಿಸುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ಜೀವಮಾನವಿಡೀ ಹೇಳಿಕೊಂಡು ಬಂದವಳು ನಾನು. ಯಜಮಾನರು ಬದುಕಿದ್ದಾಗ ಅವರೆದುರಿಗೇ ಹೇಳಿದ್ದೆ. ಅವರು ತಲೆಯಾಡಿಸಿ ಇನ್ನೊಂದು ಸೌಟು ಬಡಿಸಿಕೊಂಡಿದ್ದರು. ಗಂಡಸು ಹುಟ್ಟಿರಲಿಲ್ಲ, ನಿಜ. ಆದರೆ ನರ್ಸಮ್ಮ ಹುಟ್ಟಿಬಿಟ್ಟಿದ್ದಳು!

ಈ ನರ್ಸಮ್ಮ ತಿಂಗಳಿಗೊಮ್ಮೆ ನಮ್ಮ ಕಟ್ಟಡಕ್ಕೆ ಬಂದು ಮುದುಕ ಮುದುಕಿಯರ ಬೆರಳು ಚುಚ್ಚಿ, ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಅಂಗೈಯಗಲದ ಯಂತ್ರದಲ್ಲಿ ನೋಡಿ ಹೋಗುವವಳು. ವಯಸ್ಸಿನಲ್ಲಿ ನನ್ನ ಮೊಮ್ಮಗಳಷ್ಟು, ಅಧಿಕಾರದಲ್ಲಿ ನನ್ನ ಅತ್ತೆಯಷ್ಟು. ಆ ಸಲ ನನ್ನ ಬೆರಳಿನ ಲೆಕ್ಕ ನೋಡಿದ್ದೇ ಅವಳ ಹುಬ್ಬು ಹಣೆ ಹತ್ತಿ ಕೂದಲಿನೊಳಗೆ ಹೋಯಿತು.

"ಅಜ್ಜೀ, ಏನ್ ತಿಂತಾ ಇದೀರಿ ನೀವು?"

"ಚೀಲದಲ್ಲಿ ಏನ್ ಬರತ್ತೋ ಅದನ್ನೇ ಕಣಮ್ಮ."

ಚೀಲ ಅಂದರೆ ನಮ್ಮಂಥ ವರಮಾನವಿಲ್ಲದ ಮನೆಗಳಿಗೆ ಬೀದಿಯ ಕೊನೆಯ ಆಫೀಸಿನಲ್ಲಿ ತಿಂಗಳಿಗೊಮ್ಮೆ ಪುಕ್ಕಟೆ ಕೊಡುವ ದಿನಸಿ. ಅಕ್ಕಿ, ಮೈದಾ, ಸಕ್ಕರೆ, ಎಣ್ಣೆ, ಈರುಳ್ಳಿ, ಎಲೆಕೋಸು, ಜೊತೆಗೆ ಕೆಲವು ಡಬ್ಬಿ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎಂದು ನಾನು ಬಂದದ್ದೆಲ್ಲ ಬೇಯಿಸಿ, ಕರಿದು, ಮೇಲಿಂದ ಸಕ್ಕರೆ ಚಹಾ ಕುಡಿದು ಸುಖವಾಗಿದ್ದೆ. ಈಗ ಹಲ್ಲು ಎಣಿಸುವ ಕಾಲ ಬಂದಿತ್ತು.

"ಕಾಳು ತಿನ್ನಿ, ಸೊಪ್ಪು ತರಕಾರಿ ತಿನ್ನಿ, ಸಕ್ಕರೆ ಬಿಡಿ. ಮುಂದಿನ ತಿಂಗಳು ಸರಿಯಾಗಿ ಊಟದ ಹೊತ್ತಿಗೇ ಬರ್ತೀನಿ. ತಟ್ಟೇನೂ ನೋಡ್ತೀನಿ, ಬೆರಳೂ ನೋಡ್ತೀನಿ. ಎರಡರಲ್ಲಿ ಒಂದು ಸರಿಯಿಲ್ಲ ಅಂದ್ರೂ ಚೀಲ ನಿಲ್ಲಿಸಿ ಪಥ್ಯದ ಪೊಟ್ಟಣಕ್ಕೆ ಬರೆದುಬಿಡ್ತೀನಿ."

ಪಥ್ಯದ ಪೊಟ್ಟಣ! ಬೇಯಿಸಿ ಮುಚ್ಚಿದ ಊಟ ದಿನಾ ಬಾಗಿಲಿಗೆ ಬರುತ್ತದೆ. ಬಿಸಿನೀರಿನಲ್ಲಿ ಅದ್ದುವುದು, ಹರಿಯುವುದು, ನುಂಗುವುದು. ಅದಕ್ಕೆ ಸೌಟು ಬೇಡ, ಒಗ್ಗರಣೆ ಬೇಡ, ನಾನೂ ಬೇಡ. ಯಜಮಾನರು ಹೋದ ಮೇಲೆ ಬೆಳಗಾದರೆ ನಾನು ಏಳುವುದೇ ಆ ಒಲೆಗಾಗಿ. ಅದನ್ನೂ ಕಿತ್ತುಕೊಂಡರೆ ನಾನು ಏಳುವುದಾದರೂ ಯಾಕೆ?

ಅವತ್ತೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಘೋಷಿಸಿದೆ: "ಈ ಸಕ್ಕರೆಯನ್ನು ನನ್ನ ಮೈಯಿಂದ ಓಡಿಸದಿದ್ದರೆ ನಾನು ಈ ಮನೆಯ ಸೊಸೆಯೇ ಅಲ್ಲ!"

"ಸೊಸೆ ಅನ್ನೋಕೆ ಅತ್ತೆ ಎಲ್ಲಿದಾರೆ ಅತ್ತಿಗೆ? ಪ್ರಮಾಣ ಮಾಡೋದಾದ್ರೆ ಬದುಕಿರೋರ ಮೇಲೆ ಮಾಡಿ," ಎಂದಳು ನನ್ನ ನಾದಿನಿ.

ಇವಳು ಯಜಮಾನರ ತಂಗಿ. ನನ್ನಂತೆಯೇ ಗಂಡನನ್ನು ಕಳೆದುಕೊಂಡು ನನ್ನ ಜೊತೆಗೇ ಇದ್ದಾಳೆ. ಬಾಯಿ ಕತ್ತರಿ, ಕತ್ತರಿಸಲು ಸಿಕ್ಕಿರುವ ಬಟ್ಟೆ ನಾನೊಬ್ಬಳೇ. ಆದರೆ ಒಲೆಯ ಹತ್ತಿರ ಮಾತ್ರ ಅವಳನ್ನು ನಾನು ಸುಳಿಯಗೊಟ್ಟವಳಲ್ಲ. "ಉಪ್ಪು ನೋಡ್ಲಾ ಅತ್ತಿಗೆ?" ಅಂದರೂ, "ನೀನು ಬಾಗಿಲು ನೋಡು ಹೋಗು!" ಅಂತಿದ್ದೆ.

ಆ ತಿಂಗಳು ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಸಕ್ಕರೆ ಹಾಕದ ಚಹಾ ಕುಡಿದೆ. ಕುಡಿದಾಗಲೆಲ್ಲ ಯಾರೋ ಬೈದ ಹಾಗಾಗುತ್ತಿತ್ತು. ನಮ್ಮ ಕಟ್ಟಡದ ಮೆಟ್ಟಿಲನ್ನು ಕೆಲಸವಿಲ್ಲದಿದ್ದರೂ ಹತ್ತಿ ಇಳಿದೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಬಾಡಿದ ಸೊಪ್ಪನ್ನು ಅಗ್ಗಕ್ಕೆ ತಂದು, ನೀರಿಗೆ ಹಾಕಿ ಎಬ್ಬಿಸಿ ಕೂರಿಸಿದೆ. ಬಡವರ ಆರೋಗ್ಯ ಅಂದರೆ ಸುಮ್ಮನೆಯೇ? ಅರ್ಧ ಬೆವರು, ಅರ್ಧ ಚೌಕಾಸಿ!

ನರ್ಸಮ್ಮ ಬರುವ ಹಿಂದಿನ ದಿನವೇ ಚೀಲದ ದಿನ. ಕಾಳಿನ ಡಬ್ಬಿ ತಂದು, ಕೋಸಿನ ಜೊತೆ ಬೇಯಿಸಿ, ಅವಳ ಕಣ್ಣೆದುರು ತಟ್ಟೆಯಿಟ್ಟು ಗೆಲ್ಲುವುದು ನನ್ನ ಹಂಚಿಕೆ. ಆಫೀಸಿಗೆ ಹೋದರೆ ಸಾಲಿನಲ್ಲಿ ಗದ್ದಲ. ಗೋದಾಮಿಗೆ ನೀರು ನುಗ್ಗಿ ಡಬ್ಬಿಗಳ ಮೇಲಿನ ಲೇಬಲ್ಲೆಲ್ಲ ಕಳಚಿ ಹೋಗಿದ್ದವು. ಮೇಜಿನ ಮೇಲೆ ಬರೀ ತಗಡಿನ ಡಬ್ಬಿಗಳು, ತಲೆ ಬೋಳಿಸಿದ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

ಗೋದಾಮಿನವನು ಕೂಗಿದ: "ನೋಡ್ರಪ್ಪಾ, ಒಳಗಿರೋದು ಕೆಟ್ಟಿಲ್ಲ. ಎರಡೇ ಬಗೆ. ಒಂದು ಬೇಯಿಸಿದ ಕಾಳು, ಇನ್ನೊಂದು ಸಕ್ಕರೆ ಪಾಕದಲ್ಲಿ ಹಾಕಿದ ಹಣ್ಣು. ಯಾವುದು ಯಾವುದು ಅಂತ ನನ್ನ ಕೇಳಬೇಡಿ. ಬದಲಾಯಿಸಿ ಕೊಡೋಕೂ ಆಗಲ್ಲ."

ಎಲ್ಲರೂ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಿಟ್ಟುಸಿರಿಟ್ಟರು. ನನಗೆ ನಗು ಬಂತು. ನಾನು ಓದಿದ್ದೇ ಎರಡು ಕ್ಲಾಸು. ಡಬ್ಬಿಯ ಮೇಲಿನ ಇರುವೆ ಅಕ್ಷರವನ್ನು ಯಾವತ್ತು ಓದಿದ್ದೇನೆ? ಓದು ಬಲ್ಲವರಿಗೆ ಲೇಬಲ್ ಹೋದರೆ ನಷ್ಟ, ನನಗೇನು ಹೋಯಿತು?

"ಇಷ್ಟಕ್ಕೆಲ್ಲ ಯಾಕೆ ಅಳ್ತೀರಿ? ಅಲ್ಲಾಡಿಸಿ ನೋಡಿದ್ರೆ ಆಯ್ತು!" ಎಂದು ಒಂದನ್ನೆತ್ತಿ ಕಿವಿಗೆ ಹಿಡಿದೆ. "ಕಾಳಾದ್ರೆ ಗಳಗಳ ಅನ್ನತ್ತೆ, ಹಣ್ಣಾದ್ರೆ ಗುಳುಗುಳು ಅನ್ನತ್ತೆ. ಇದು ಗಳಗಳ. ಕಾಳು!"

"ಅತ್ತಿಗೆ, ಮೊನ್ನೆ ಬಾಗಿಲು ಬಡಿದದ್ದೇ ಕೇಳಿಸಲಿಲ್ಲ ನಿಮಗೆ," ಎಂದು ನಾದಿನಿ ನನ್ನ ಸೆರಗು ಎಳೆದಳು.

"ಬಾಗಿಲಿನ ಕಿವಿ ಬೇರೆ, ಡಬ್ಬಿಯ ಕಿವಿ ಬೇರೆ. ಸುಮ್ನಿರು!"

ಸಾಲಿನಲ್ಲಿ ನಮ್ಮ ಎದುರು ಮನೆಯ ದರ್ಜಿ ಇದ್ದ. "ದೊಡ್ಡಮ್ಮ, ನನಗೊಂದಿಷ್ಟು ಹಣ್ಣಿನದು ಆರಿಸಿ ಕೊಡಿ, ಮಕ್ಕಳು ಕಾಯ್ತಾ ಇದಾರೆ," ಎಂದ. ಅಲ್ಲಾಡಿಸಿದೆ, ಆರಿಸಿದೆ, ಹರಸಿದೆ. ಮೇಲಿನ ಮನೆಯ ರಿಟೈರ್ಡ್ ಮೇಷ್ಟ್ರು ಹಿಂದೆಯೇ ಬಂದರು. "ನನಗೆ ಕಾಳು ಬೇಕಮ್ಮ, ನನ್ನ ಮೇಲೂ ಆ ನರ್ಸಮ್ಮನ ಕಣ್ಣಿದೆ." ಅವರಿಗೂ ಅಲ್ಲಾಡಿಸಿದೆ. ಜೀವನದಲ್ಲಿ ಮೊದಲ ಸಲ ಒಬ್ಬ ಮೇಷ್ಟ್ರು ನನ್ನೆದುರು ಕೈಕಟ್ಟಿ ನಿಂತಿದ್ದರು! ನನಗೋ, ಕೊಂಬು ಮೊಳೆತು ಸೂರಿಗೆ ತಾಗುವುದೊಂದು ಬಾಕಿ. ಕಾಳೆಂದು ಖಾತ್ರಿಯಾದ ಡಬ್ಬಿಗಳನ್ನೇ ಆರಿಸಿ ಚೀಲ ತುಂಬಿಸಿಕೊಂಡೆ. "ಒಂದೆರಡು ಹಣ್ಣಿನವೂ ಇರಲಿ," ಎಂದು ನಾದಿನಿ ನಾನು ಬೇಡವೆಂದು ಪಕ್ಕಕ್ಕಿಟ್ಟ ಡಬ್ಬಿಗಳಲ್ಲಿ ಕೆಲವನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಬಾಯಿಚಪಲ, ಬಿಡು ಎಂದು ಸುಮ್ಮನಾದೆ.

ಮರುದಿನ ಏನೂ ತಿನ್ನದೆ ಯುದ್ಧಕ್ಕೆ ನಿಂತೆ. ಕೋಸು ಹೆಚ್ಚಿದೆ. ಈರುಳ್ಳಿ ಬಾಣಲೆಗೆ ಬಿತ್ತು. ಮೊದಲ ಡಬ್ಬಿಗೆ ಕಟ್ಟರ್ ಹಾಕಿ ತಿರುಗಿಸಿದೆ. ಮುಚ್ಚಳ ತೆರೆಯಿತು. ಒಳಗೆ ಹಳದಿ ಹಣ್ಣಿನ ಹೋಳುಗಳು ಪಾಕದಲ್ಲಿ ಹಾಯಾಗಿ ಈಜುತ್ತಿದ್ದವು!

"ಕಾಳು ತುಂಬಾ ದಪ್ಪಗಿದೆ ಅತ್ತಿಗೆ," ಎಂದಳು ನಾದಿನಿ.

"ಒಂದು ತಪ್ಪೋದು ಸಹಜ!" ಎಂದು ಎರಡನೆಯದನ್ನು ತೆರೆದೆ. ಹಣ್ಣು. ಮೂರನೆಯದು ಸುತರಾಂ ತೆರೆಯಲೊಲ್ಲದು. ಜಗ್ಗಿದ ರಭಸಕ್ಕೆ ಪಾಕ ಚಿಮ್ಮಿ ನನ್ನ ಮೊಣಕೈವರೆಗೆ ಹರಿಯಿತು. ಹಣ್ಣು! ಸಕ್ಕರೆಯನ್ನು ಮೈಯಿಂದ ಓಡಿಸುತ್ತೇನೆ ಎಂದು ಹೊರಟವಳು ಸಕ್ಕರೆಯಲ್ಲೇ ಸ್ನಾನ ಮಾಡಿ ನಿಂತಿದ್ದೆ. ಇನ್ನೂ ಒಂದು ತೆರೆದೆ, ಮತ್ತೊಂದು ತೆರೆದೆ. ತೆರೆದದ್ದನ್ನು ಮುಚ್ಚುವಂತಿಲ್ಲ, ಚೆಲ್ಲಲು ಮನಸ್ಸಿಲ್ಲ, ತಿನ್ನುವ ಹಾಗಿಲ್ಲ. ಪಾತ್ರೆಗಳೆಲ್ಲ ತುಂಬಿ ಲೋಟಗಳಿಗೆ ಬಂತು ಸರದಿ.

ಅಷ್ಟರಲ್ಲಿ ಬಾಗಿಲು ದಡದಡ. ಈ ಸಲ ನನಗೂ ಕೇಳಿಸಿತು. ದರ್ಜಿ ಒಂದು ಬೋಗುಣಿ ಹಿಡಿದು ನಿಂತಿದ್ದ.

"ಏನ್ ದೊಡ್ಡಮ್ಮ ಇದು! ಹಣ್ಣು ಅಂದ್ರಿ. ಎಲ್ಲ ತೆರೆದೆ, ಎಲ್ಲ ಕಾಳು! ಮಕ್ಕಳು ನನ್ನ ಮುಖ ನೋಡೋದಿಲ್ಲ ಅಂತಿವೆ!"

ಅವನ ಬೆನ್ನಿಗೇ ಮೇಷ್ಟ್ರು, ಕೈಯಲ್ಲಿ ಲೋಟ. "ತಾಯೀ, ನನಗೆ ಕಾಳು ಅಂದಿರಿ. ಪಾಕ ಕುಡಿದು ಸಾಯಲಾ? ಪರೀಕ್ಷೆಯಲ್ಲಿ ಎಷ್ಟೋ ಹುಡುಗರನ್ನ ಫೇಲ್ ಮಾಡಿದೀನಿ. ಇಷ್ಟು ಶುದ್ಧವಾಗಿ ಫೇಲ್ ಆದವರನ್ನ ಇವತ್ತೇ ನೋಡಿದ್ದು!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅಡುಗೆಮನೆಯ ನೆಲ ಪಾಕಕ್ಕೆ ಅಂಟಿಕೊಂಡಿತ್ತು. ಭೂಮಿ ಬಾಯಿಬಿಟ್ಟರೂ ನನ್ನ ಕಾಲು ಬಿಡುತ್ತಿರಲಿಲ್ಲ! ನರ್ಸಮ್ಮ ಕಟ್ಟಡದ ಕೆಳಗಿನ ಮನೆಗೆ ಬಂದಾಗಿತ್ತು. ಬಾಣಲೆಯಲ್ಲಿ ಈರುಳ್ಳಿ ಸೀಯುವ ವಾಸನೆ. ನಾನು ಅಳುವುದೋ ನಗುವುದೋ ತಿಳಿಯದೆ ನಿಂತಿದ್ದಾಗ ನಾದಿನಿ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು.

"ಯಾಕೆ ಎಲ್ಲರೂ ಹೆಣ ಬಿದ್ದ ಹಾಗೆ ನಿಂತಿದೀರಿ? ಅತ್ತಿಗೆ ಒಂದೇ ಒಂದು ಸಲ ಸರಿ ಹೇಳಿದ್ರೂ ನಂಬೋಕೆ ಆಗ್ತಿರಲಿಲ್ಲ. ಒಂದೂ ಸರಿಯಿಲ್ಲ, ಅಂದದ್ದಕ್ಕೆಲ್ಲ ಉಲ್ಟಾ! ಇದಕ್ಕಿಂತ ಗಟ್ಟಿ ಲೇಬಲ್ ಬೇಕಾ ನಿಮಗೆ?" ಎಂದು ತನ್ನ ಕೈಚೀಲವನ್ನು ಮೇಜಿನ ಮೇಲೆ ಸುರಿದಳು. "ಇವು ಅತ್ತಿಗೆ ಹಣ್ಣು ಅಂದವು. ತೆಗೀರಿ ಮೇಷ್ಟ್ರೇ!"

ಮೇಷ್ಟ್ರು ತೆರೆದರು. ಕಾಳು! ಇನ್ನೊಂದು. ಕಾಳು! ದರ್ಜಿ ಚಪ್ಪಾಳೆ ತಟ್ಟಿದ. ಯಾವ ಮುಖದಿಂದ ತಡೆಯಲಿ? ತಾಪತ್ರಯದಲ್ಲಿ ಮಾನ ಎರಡನೆಯದು, ಒಲೆ ಮೊದಲನೆಯದು.

"ಆಯ್ತು! ಅಳೋದು ಆಮೇಲೆ!" ಎಂದು ನಾನೂ ಗುಡುಗಿದೆ. "ನನ್ನ ಹಣ್ಣೆಲ್ಲ ದರ್ಜಿಯ ಮಕ್ಕಳಿಗೆ. ಅವನ ಕಾಳೆಲ್ಲ ಇಲ್ಲಿಗೆ. ಮೇಷ್ಟ್ರೇ, ನಿಮ್ಮ ಪಾಕಾನೂ ಅವನಿಗೆ ಕೊಡಿ, ನಿಮ್ಮ ಊಟ ನಮ್ಮಲ್ಲೇ!"

ನಾನು ಲೋಟದಿಂದ ಪಾತ್ರೆಗೆ, ಪಾತ್ರೆಯಿಂದ ಬೋಗುಣಿಗೆ ಹಣ್ಣು ಬಗ್ಗಿಸುವುದೇ ಬಗ್ಗಿಸುವುದು. ದರ್ಜಿ ನಮ್ಮ ಬಾಗಿಲಿಗೂ ತನ್ನ ಮನೆಗೂ ಮಗ್ಗದ ಲಾಳಿಯಂತೆ ಓಡಾಡಿದ. ಆ ಗಲಾಟೆಯಲ್ಲಿ ಸೀದ ಈರುಳ್ಳಿ ಹೋಗಿ ಹೊಸ ಈರುಳ್ಳಿ ಬಿದ್ದದ್ದು, ಕೋಸು ಬೆಂದದ್ದು, ಕಾಳು ಸೇರಿದ್ದು, ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ಘಮ್ಮೆಂಬ ವಾಸನೆ ಮಾತ್ರ ಮೂಗಿಗೆ ಬಂತು. ನನ್ನ ಒಲೆ ತಾನೇ, ನನ್ನ ಮಾತು ಕೇಳದೆ ಇರುತ್ತದೆಯೇ ಎಂದುಕೊಂಡೆ.

ಕೊನೆಯ ಲೋಟ ಬಗ್ಗಿಸಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದಕ್ಕೂ ನರ್ಸಮ್ಮ ಒಳಗೆ ಬರುವುದಕ್ಕೂ ಸರಿಹೋಯಿತು.

"ಏನಜ್ಜೀ, ಸಂತೆ ಸೇರಿಸಿದೀರಿ? ಬೆರಳು ಕೊಡಿ ಮೊದಲು."

ಗತ್ತಿನಿಂದ ಬೆರಳು ಚಾಚಿದೆ. ಅವಳಿಗೂ ಅವಸರ, ಹತ್ತಿಯನ್ನು ಮೇಲಷ್ಟೇ ಒಮ್ಮೆ ಸವರಿ ಚುಚ್ಚಿದಳು. ಯಂತ್ರ ಕೀಚ್ ಎಂದಿತು. ನರ್ಸಮ್ಮನ ಮುಖದ ಬಣ್ಣ ಇಳಿಯಿತು.

"ಅಜ್ಜೀ! ಹೋದ ತಿಂಗಳಿಗಿಂತ ಎರಡರಷ್ಟು! ಇಷ್ಟಿಟ್ಟುಕೊಂಡು ನೀವು ನಿಂತಿರೋದೇ ಹೆಚ್ಚು. ಇಲ್ಲ, ಇನ್ನು ನಾನು ಕೇಳೋದಿಲ್ಲ. ಪೊಟ್ಟಣಕ್ಕೆ ಬರೀತೀನಿ."

ತಿಂಗಳಿಡೀ ಕುಡಿದ ಕಹಿ ಚಹಾವೆಲ್ಲ ಗಂಟಲಿಗೆ ಬಂತು. ಹತ್ತಿದ ಮೆಟ್ಟಿಲೆಲ್ಲ ಒಂದೇ ಸಲ ಕುಸಿದ ಹಾಗಾಯಿತು. "ಒಂದು ಹರಳೂ ಬಾಯಿಗೆ ಹಾಕಿಲ್ಲ ಕಣಮ್ಮ... ಒಲೆ ಮಾತ್ರ..." ಎಂದೆ. ಮೇಷ್ಟ್ರು ನೆಲ ನೋಡಿದರು. ಅವಳು ಪೆನ್ನು ತೆಗೆದೇಬಿಟ್ಟಳು.

"ತಡೀರಿ!" ನಾದಿನಿಯ ಧ್ವನಿ ಅಡುಗೆಮನೆಯಿಂದ. "ನೀವು ಅತ್ತಿಗೆಯ ರಕ್ತ ನೋಡಿದ್ರೋ, ಹಣ್ಣಿನ ಪಾಕ ನೋಡಿದ್ರೋ? ಬೆಳಗಿಂದ ಮೊಣಕೈವರೆಗೂ ಅದರಲ್ಲೇ ಮುಳುಗಿದಾರೆ. ಆ ಬೆರಳು ಚೀಪಿದ್ರೆ ನಿಮ್ಮ ಯಂತ್ರಕ್ಕಲ್ಲ, ನಿಮಗೇ ಸಕ್ಕರೆ ಬರತ್ತೆ. ಸೋಪು ಹಾಕಿ ತೊಳೆಸಿ, ಆಮೇಲೆ ಚುಚ್ಚಿ!"

ನರ್ಸಮ್ಮ ನನ್ನ ಕೈ ಹಿಡಿದಳು. ಹಿಡಿದ ಕೈ ಅಂಟಿಕೊಂಡಿತು. ಅವಳಿಗೆ ನಗು ತಡೆಯಲಾಗಲಿಲ್ಲ. ತಾನೇ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಮಗುವಿಗೆ ತೊಳೆದ ಹಾಗೆ ಸೋಪು ಹಾಕಿ ತಿಕ್ಕಿ ತೊಳೆದು, ಒರೆಸಿ, ಬೇರೆ ಬೆರಳು ಚುಚ್ಚಿದಳು. ಯಂತ್ರ ಯೋಚಿಸುವಷ್ಟು ಹೊತ್ತು ಎಲ್ಲರೂ ಅದರ ಮೇಲೇ ಬಗ್ಗಿ ನಿಂತೆವು.

ಕೀಚ್.

"ಅಜ್ಜೀ... ಇಳಿದಿದೆ! ಚೆನ್ನಾಗಿ ಇಳಿದಿದೆ!"

ದರ್ಜಿ ಸಿಳ್ಳೆ ಹಾಕಿದ. ನಾನು ಕುರ್ಚಿಯಲ್ಲಿ ಕುಸಿದು ಕೂತವಳು ತಕ್ಷಣ ಬೆನ್ನು ನೆಟ್ಟಗೆ ಮಾಡಿದೆ. ಗೆದ್ದವರು ಕುಸಿದು ಕೂರಬಾರದು. "ನಾನು ಹೇಳಿರಲಿಲ್ವಾ? ಮನಸ್ಸು ಗಟ್ಟಿ ಇದ್ರೆ ಸಕ್ಕರೆಯೇನು, ಬೆಲ್ಲವೂ ಓಡಬೇಕು!"

"ಇನ್ನು ತಟ್ಟೆ," ಎಂದಳು ನರ್ಸಮ್ಮ.

ಕಾಳು, ಕೋಸು, ಮೇಲೆ ಎಬ್ಬಿಸಿ ಕೂರಿಸಿದ ಸೊಪ್ಪು, ಹಬೆಯಾಡುತ್ತ ಬಂತು. ನರ್ಸಮ್ಮ ಒಂದು ಚಮಚ ಬಾಯಿಗಿಟ್ಟಳು. ಇನ್ನೊಂದು ಚಮಚ. ಆಮೇಲೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. "ಉಪ್ಪು ಹದ, ಎಣ್ಣೆ ಹನಿ, ರುಚಿ ನೋಡಿದ್ರೆ ಹೋಟೆಲಿನಲ್ಲೂ ಸಿಗೋದಿಲ್ಲ. ಪುಕ್ಕಟೆ ಚೀಲದಲ್ಲಿ ಇಂಥ ಊಟ! ಒಲೆ ಈ ಮನೆಯಲ್ಲೇ ಇರಲಿ, ನಾನು ಮುಟ್ಟೋದಿಲ್ಲ. ಹೇಳಿ, ಯಾರು ಮಾಡಿದ್ದು ಇದನ್ನ?"

"ನಾ..." ಎಂದು ಬಾಯಿ ತೆರೆದೆ. ನನ್ನ ಕೈಯಲ್ಲಿದ್ದದ್ದು ಡಬ್ಬಿಯ ಕಟ್ಟರ್. ಸೌಟು ನಾದಿನಿಯ ಕೈಯಲ್ಲಿತ್ತು. ಯಾವಾಗ ಹೋಯಿತೋ! ಮೇಷ್ಟ್ರು ಅವಳ ಕಡೆ ಕೈ ತೋರಿಸಿದರು. ದರ್ಜಿಯೂ ತೋರಿಸಿದ. ಬಾಯಿ ಕತ್ತರಿಯವಳು ಜೀವನದಲ್ಲಿ ಮೊದಲ ಸಲ ನಾಚಿಕೊಂಡು ನಿಂತಿದ್ದಳು.

"ಹಾಗಾದ್ರೆ ಅಜ್ಜೀ, ಇನ್ಮೇಲೆ ಒಲೆ ಮುಂದೆ ಇವರೇ ಇರಲಿ."

"ಮತ್ತೆ ನಾನು?" ಎಂದೆ, ಅಳುಮುಖ ಮಾಡಿ.

ಉತ್ತರ ಕೊಟ್ಟದ್ದು ನರ್ಸಮ್ಮನಲ್ಲ, ನಾದಿನಿ. ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ ಅಂದಳು:

"ನೀವು ಉಪ್ಪು ನೋಡಿ ಹೇಳಿ ಅತ್ತಿಗೆ. ನೀವು ಸಾಲದು ಅಂದ್ರೆ, ಹಾಕಿದ್ದು ಜಾಸ್ತಿ ಆಯ್ತು ಅಂತ ನನಗೆ ಗೊತ್ತಾಗತ್ತೆ!"