ಪ್ರಶಸ್ತಿಗೆ ತೊಳಸಿದ ಮುದ್ದೆ

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಆದರೆ ದೇವಸಮುದ್ರದ ಕಡೆ ಅರ್ಧ ಗಂಡಸರನ್ನು ಒಲೆ ಮುಂದೆ ಕೂರಿಸಿದವನು ನಾನೇ. ಗಂಡನೇ ಮುದ್ದೆ ಮಾಡಿ ಹೆಂಡತಿಗೆ ಬಡಿಸುವ ಬೀದಿನಾಟಕ ನಮ್ಮದು. ಬರೆದವನು ನಾನು, ಆಡಿಸಿದವನು ನಾನು, ಹೀರೋನೂ ನಾನೇ. ಸಮಾಜ ಬದಲಿಸುವ ಕಲೆಗೆ ಚಳ್ಳಕೆರೆಯಲ್ಲಿ ಪ್ರಶಸ್ತಿ ಕೊಡುತ್ತಾರೆ ಅಂತ ಗೊತ್ತಾದ ದಿನವೇ ಟಿವಿ ಮೇಲಿನ ಗೋಡೆಗೆ ಮೊಳೆ ಹೊಡೆದು ಫಲಕಕ್ಕೆ ಜಾಗ ಮಾಡಿದೆ. ಮೊಳಕಾಲ್ಮುರು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಯೂ ಆಗಿತ್ತು. ಇನ್ನು ತರದಿದ್ದರೆ ಮಾನ ಉಳಿಯಲ್ಲ. ಅಂಥ ಹೊತ್ತಲ್ಲೇ ನೋಡಿ, ಇಂಥವೆಲ್ಲ ನಡೆಯೋದು.

ಮೀಸೆಯ ಹೆಂಡತಿ

ಹೆಂಡತಿ ಪಾತ್ರಕ್ಕೆ ಚಳ್ಳಕೆರೆಯ ಮೆಕ್ಯಾನಿಕ್ ಗೆಳೆಯ. ಮೀಸೆ ಬೋಳಿಸಿಕೋ ಅಂದರೆ, "ಮುಂದಿನ ವಾರ ನಿಕಾ ಐತೆ ಭಾಯ್, ಮೀಸೆ ಮುಟ್ಟಂಗಿಲ್ಲ" ಅಂದ. ಸೆರಗನ್ನು ಮೂಗಿನ ಕೆಳಗೆ ಹಿಡಿಸಿ ಕೂರಿಸಿದೆ. "ಇನ್ಮೇಲೆ ಮುದ್ದೆ ನಾನೇ ಮಾಡ್ತೀನಿ ಕಣೇ!" ಅಂತ ನಾನು ಅಂದದ್ದೇ ತಡ, ಜೋರು ಚಪ್ಪಾಳೆ. ಖುಷಿಗೆ ಅವನು ಎರಡೂ ಕೈ ಎತ್ತಿ ಮುಗಿದ. ಸೆರಗು ಜಾರಿತು.

ಮುಂದೆ ಕೂತಿದ್ದ ಅಜ್ಜಿ ಅಂದಳು: "ಇಂಥಾ ಮೀಸೆ ಇರೋ ಹೆಂಡ್ತಿ ಸಿಕ್ರೆ ಯಾವನಾದ್ರೂ ಮಾಡ್ತಾನೆ ಬಿಡಪ್ಪ!"

ಕೊಂಡ್ಲಹಳ್ಳಿಯ ಗೌಡರು

ಖಾಲಿ ಪಾತ್ರೆಯಲ್ಲಿ ಕೋಲಾಡಿಸಿದರೆ ಅಲ್ಲಿನ ಹೆಂಗಸರು ಬಿಡಲಿಲ್ಲ. "ಬರೀ ಬಾಯಲ್ಲಿ ಮುದ್ದೆ ತೊಳಸ್ತೀಯೇನಲೇ?" ಅಂತ ಒಲೆ, ನೀರು, ಹಿಟ್ಟು ಎಲ್ಲ ತಂದಿಟ್ಟರು. ಹಾಕಿದೆ. ಗಂಟುಗಂಟಾಯಿತು. ನಾಟಕ ನೋಡಿ ಆವರೆಗೂ ಕಿಸಿಕಿಸಿ ನಗುತ್ತಿದ್ದ ಗೌಡರೊಬ್ಬರು ತಡೆಯಲಾರದೆ ಎದ್ದರು. "ಥೂ, ಕೊಡಲೇ ಇಲ್ಲಿ!" ಪಾತ್ರೆ ಅಲುಗದಂತೆ ಕವೆಗೋಲು ಕೊಟ್ಟು ಕಾಲಲ್ಲಿ ಅದುಮಿದರು, ತಿರುವಿದರು, ಕೈ ಒದ್ದೆ ಮಾಡಿಕೊಂಡು ಚೆಂಡಿನಂಥ ಮುದ್ದೆ ಕಟ್ಟಿಟ್ಟರು.

ಗುಂಪಿನಿಂದ ಅವರ ಹೆಂಡತಿಯ ದನಿ ಬಂತು: "ಮುಗೀತು! ಇಷ್ಟು ವರ್ಷ ಕದ ಹಾಕ್ಕೊಂಡು ಮಾಡಿದ್ದು ದಂಡ ಆಯ್ತಲ್ರೀ!"

ಅವ್ವನ ಸಾಕ್ಷಿ

ನಾಟಕದಿಂದ ಯಾರು ಬದಲಾದರು ಅಂತ ಕಣ್ಣಾರೆ ನೋಡಲು ಪ್ರಶಸ್ತಿಯವರು ನಮ್ಮ ಮನೆಗೇ ಬಂದರು. ನಾನು ಎದೆಯುಬ್ಬಿಸಿ ಅವ್ವನನ್ನು ಮುಂದೆ ಬಿಟ್ಟೆ.

"ಪಕ್ಕದ ಮನೆಯೋನು ಬದಲಾದ ರೀ. ಎದುರು ಮನೆಯೋನೂ ಬದಲಾದ. ದಿನಾ ಮುದ್ದೆ ಮಾಡ್ತಾರೆ" ಅಂದಳು ಅವ್ವ.

"ಮತ್ತೆ ನಿಮ್ಮ ಮಗ?"

"ಪಾಪ, ಅವನು ಆ ನಾಟಕ ಒಂದ್ಸಲಾನೂ ಕೂತು ನೋಡಿಲ್ರಿ. ಯಾವಾಗ್ಲೂ ಆಡೋಕೆ ಹೋಗಿರ್ತಾನೆ!"

ಚಳ್ಳಕೆರೆಯ ವೇದಿಕೆ

ಅವತ್ತು ಮನೆಗೆ ಬಂದವರು "ಹಾಗಾದ್ರೆ ಇವತ್ತು ನೀವೇ ಮಾಡಿ ಬಡಿಸಿ" ಅಂದಿದ್ದರು. ಬಡಿಸಿದ್ದೆ. ಯಾರೂ ಎರಡನೇ ತುತ್ತು ಮುರಿಯಲಿಲ್ಲ.

ಆದರೂ ಸಮಾರಂಭಕ್ಕೆ ಅವ್ವನನ್ನೂ ಕರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಸಾಲಲ್ಲೇ ಕೂತೆ. ಫಲಕ, ಶಾಲು ಬೇರೆ ತಂಡಕ್ಕೆ ಹೋದವು. ಕೊನೆಗೆ ಮೈಕಿನಲ್ಲಿ ನನ್ನ ಹೆಸರು! ಕೂದಲು ಸರಿಮಾಡಿಕೊಂಡು ಹತ್ತಿದೆ. ನಿರೂಪಕರು ಅಂದರು: "ಇವರ ನಾಟಕದಿಂದ ಇಡೀ ಊರು ಬದಲಾಗಿದೆ. ಇವರೊಬ್ಬರು ಬಾಕಿ ಇದ್ದಾರೆ. ವಿಶೇಷ ಪ್ರೋತ್ಸಾಹಕ ಬಹುಮಾನವನ್ನು ಇವರ ತಾಯಿಯವರೇ ನೀಡಬೇಕು."

ಅವ್ವ ಸೆರಗು ಹೊದ್ದು ಮೇಲೆ ಬಂದಳು. ಅಷ್ಟು ಜನರ ಎದುರು, ಅವಳ ಕೈಯಿಂದ ನನಗೆ ಕೊಡಿಸಿದ್ದು ಒಂದು ಮುದ್ದೆ ಕೋಲು.