ಅಣ್ಣನ ಹಲ್ಲು, ನನ್ನ ಮುಪ್ಪು

ಎಲ್ಲರಿಗೂ ಮುಪ್ಪು ಹೇಳದೆ ಕೇಳದೆ ಬರುತ್ತದಂತೆ. ನನಗೆ ಮಾತ್ರ ಅದು ಮೊದಲೇ ಕಾಗದ ಬರೆದು ತಿಳಿಸಿ ಬರುತ್ತದೆಂದು ಬಹಳ ಕಾಲ ನಂಬಿದ್ದೆ. ಇದು ಜಂಬವಲ್ಲ. ನನಗೊಬ್ಬ ಅವಳಿ ಅಣ್ಣನಿದ್ದಾನೆ. ನನಗಿಂತ ಕಾಲು ಗಂಟೆ ಮುಂಚೆ ಹುಟ್ಟಿದ್ದರಿಂದ ಅವನು ರಾಮಣ್ಣ, ಹಿಂದೆ ಬಂದ ನಾನು ಲಕ್ಷ್ಮಣ. ಅವನಿಗೆ ಮೊದಲು ದಡಾರ ಬಂತು, ಆಮೇಲೆ ನನಗೆ. ಮೀಸೆಯೂ ಹಾಗೆಯೇ. ಹಾಗಾದರೆ ಮುಪ್ಪು ಮಾತ್ರ ಸರದಿ ತಪ್ಪಿಸೀತೆ?

ಎಂಟನೆಯ ವಯಸ್ಸಿನಲ್ಲಿ ಸೋದರಮಾವ ಬಂದು, ಒಬ್ಬನಾದರೂ ಓದಲಿ ಎಂದು ನನ್ನನ್ನು ಅರಸೀಕೆರೆಗೆ ಕರೆದುಕೊಂಡು ಹೋದರು. ಅಣ್ಣ ಹಳೇಬೀಡಿನ ಪಕ್ಕದ ಹುಲಿಕೆರೆಯಲ್ಲೇ ನೇಗಿಲು ಹಿಡಿದ. ನಾನು ಸ್ಕೂಲಿನ ಗುಮಾಸ್ತನಾದೆ. ಅವನಿಗೆ ರಾಗಿಮುದ್ದೆ, ಬಿಸಿಲು, ಗೊರಕೆ. ನನಗೆ ಸ್ಟೇಷನ್ನಿನ ಕಾಫಿ, ಮಫ್ಲರು ಮತ್ತು ಚಿಂತೆ. ಮಳೆ ಬಂದರೆ ನೆಗಡಿಯಾದೀತೆಂದು ಚಿಂತೆ, ಬಾರದಿದ್ದರೆ ಉಷ್ಣವಾದೀತೆಂದು ಚಿಂತೆ.

ಈ ಕಥೆ ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ನಂಜುಂಡಯ್ಯನವರ ಕಿವಿಗೆ ಬಿತ್ತು. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಲಕ್ಷ್ಮಣಪ್ಪ, ನೀವು ಗುಮಾಸ್ತರಲ್ಲ ಕಣ್ರೀ, ನೀವೊಂದು ಪ್ರಯೋಗ! ಅಚ್ಚು ಒಂದೇ, ಬೆಳೆದ ಮನೆ ಎರಡು. ವಯಸ್ಸಾಗ್ತಾ ಇಬ್ಬರಿಗೂ ಒಂದೇ ಥರ ಬಂದದ್ದು ಹುಟ್ಟಿನಿಂದ ಬಂದದ್ದು. ಬೇರೆ ಬೇರೆ ಆದದ್ದು ಊಟದಿಂದ, ನೀರಿನಿಂದ, ಬಾಳಿದ ರೀತಿಯಿಂದ" ಎಂದು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಎಡಕ್ಕೆ 'ಹುಟ್ಟು', ಬಲಕ್ಕೆ 'ಬದುಕು' ಎಂದು ಬರೆದರು. ನನ್ನ ತಲೆ ಪೂರ್ತಿ ನರೆತಿತ್ತು, ಅಣ್ಣನದು ಇನ್ನೂ ಕಪ್ಪಗಿತ್ತು. ನನ್ನ ನರೆ ಸೀದಾ ಬಲಗಡೆಗೆ ಹೋಯಿತು. ನನಗೆ ತುಂಬ ಅವಮಾನವಾಯಿತು. ಎಡಗಡೆಯದಕ್ಕೆ ಅಪ್ಪ, ತಾತಂದಿರನ್ನು ದೂರಬಹುದು. ಬಲಗಡೆಯದಕ್ಕೆ ಯಾರನ್ನು ದೂರುವುದು? ಒಂದಾದರೂ ಎಡಗಡೆಗೆ ಬೀಳಲಿ ಎಂದು ಆ ದಿನದಿಂದ ನಾನು ಕಾಯತೊಡಗಿದೆ.

ಹೀಗಿರುವಾಗ ಹುಲಿಕೆರೆಯಿಂದ ಕಾರ್ಡು ಬಂತು. ಅಣ್ಣ ಅಲ್ಲಿಯ ಯಾರ ಕೈಯಲ್ಲೋ ಬರೆಸಿದ್ದ. "ಉಭಯ ಕುಶಲೋಪರಿ. ಮೇಲಿನ ಸಾಲಿನ ಎರಡು ಮುಂದಿನ ಹಲ್ಲು ಹೋದವು. ಎತ್ತಿಗೆ ಏನೂ ಆಗಿಲ್ಲ." ಎತ್ತಿನ ಯೋಗಕ್ಷೇಮವನ್ನು ಹಾರಿಸಿ, ಹಲ್ಲಿನ ವಾಕ್ಯವನ್ನು ನಾಲ್ಕು ಸಲ ಓದಿದೆ. ನನ್ನ ಅದೇ ಎರಡು ಹಲ್ಲುಗಳನ್ನು ಮುಟ್ಟಿ ನೋಡಿಕೊಂಡೆ. ಅಲ್ಲಾಡಿದಂತಾಯಿತು. ಸಂಜೆಯವರೆಗೆ ಮುಟ್ಟುತ್ತಲೇ ಇದ್ದೆ, ಆಗ ನಿಜವಾಗಿಯೂ ಅಲ್ಲಾಡಿದವು. ಮಾರನೆಯ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಅವರು ಬೇಡ ಬೇಡವೆಂದರೂ ಕೇಳದೆ, ಎರಡನ್ನೂ ಕೀಳಿಸಿಕೊಂಡು ಬಂದೆ. ಉಳಿದ ಮೇಲಿನ ಸಾಲನ್ನೂ ಸೋಮವಾರ ತೆಗೆಸಿಬಿಡುವುದೆಂದು ಗೊತ್ತು ಮಾಡಿದ್ದೆ. ಒಂದೊಂದಾಗಿ ಉದುರುವ ಹಿಂಸೆಗಿಂತ ಅದೇ ವಾಸಿಯಲ್ಲವೆ?

ನನ್ನ ಹೆಂಡತಿ ಪುಟ್ಟಮ್ಮ ಬಾಯಿಗೆ ಸೆರಗು ಹಿಡಿದು ಕೇಳಿದಳು: "ಅಲ್ಲಾ ರೀ, ನಿಮ್ಮ ಹಲ್ಲು ನಿಮ್ಮ ಬಾಯಲ್ಲಿವೆಯೋ, ಹುಲಿಕೆರೆಯಲ್ಲಿವೆಯೋ? ಸೋಮವಾರಕ್ಕೆ ಮುಂಚೆ ಹೋಗಿ ಭಾವನವರನ್ನ ಒಂದ್ಸಲ ನೋಡ್ಕೊಂಡು ಬನ್ನಿ."

ಭಾನುವಾರ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ. ಪ್ರತಿಯೊಂದು ಗುಂಡಿಗೂ ಉಳಿದ ಹಲ್ಲುಗಳನ್ನು ತುಟಿಯಿಂದ ಒತ್ತಿ ಹಿಡಿದುಕೊಂಡೆ. ಹುಲಿಕೆರೆ ತಲುಪಿದಾಗ ಅಣ್ಣ ಜಗಲಿಯ ಮೇಲೆ ಕೂತು, ದವಡೆಹಲ್ಲಿನಿಂದ ಕಬ್ಬು ಸಿಗಿಯುತ್ತಿದ್ದ. ನನ್ನ ಬಾಯಿ ಕಂಡವನೇ ಕಬ್ಬು ಕೆಳಗಿಟ್ಟ.

"ಏನ್ಲಾ ಲಚ್ಚಾ, ನಿನ್ ಹಲ್ಲೇನಾದ್ವು?"

"ನಿನ್ನವು ಹೋದವಲ್ಲ ಅಣ್ಣ, ನನ್ನವೂ ಹೇಗಿದ್ದರೂ ಹೋಗ್ತವೆ ಅಂತ ಕೀಳಿಸಿಬಿಟ್ಟೆ."

ಅಣ್ಣ ನನ್ನನ್ನು ನೋಡಿದ, ಕೊಟ್ಟಿಗೆಯ ಕಡೆ ನೋಡಿದ. "ನನ್ನವೇನು ತಾವಾಗೇ ಉದುರಿದ್ವೇನ್ಲಾ? ನೊಗ ಕಟ್ಟಾಕೆ ಬಗ್ಗಿದ್ದೆ, ನೊಣ ಕಚ್ತು ಅಂತ ಆ ಎತ್ತು ತಲೆ ಎತ್ತಿ ಬಾಯಿಗೆ ಗುದ್ದೇಬಿಡ್ತು. ಎತ್ತಿಗೇನೂ ಆಗಿಲ್ಲ ಅಂತ ಕಾರ್ಡ್‌ನಾಗೆ ಬರೆಸಿದ್ನಲ್ಲೋ!"

ಆಮೇಲೆ ಅವನು ನಕ್ಕ ನಗುವಿಗೆ ಎತ್ತೂ ತಿರುಗಿ ನೋಡಿತು. ಹಲ್ಲಿಲ್ಲದ ಸಂದಿನಿಂದ ಗಾಳಿ ಹಾಯ್ದು ನಗು ಸೀಟಿ ಹೊಡೆದಂತೆ ಕೇಳುತ್ತಿತ್ತು. ನಾನೂ ನಕ್ಕೆ. ನನ್ನದೂ ಅದೇ ಸೀಟಿ.

"ಉಳಿದವೂ ಅಲ್ಲಾಡ್ತವೆ ಅಣ್ಣ, ನಾಳೆ ತೆಗೆಸಬೇಕು ಅಂತಿದ್ದೆ" ಎಂದೆ.

"ದಿನಕ್ಕೆ ಎಷ್ಟು ಕಿತ ಅಲ್ಲಾಡಿಸಿ ನೋಡ್ತೀಯ?"

ನಾನು ಬಾಯೊಳಗಿದ್ದ ಬೆರಳನ್ನು ಹೊರಗೆ ತೆಗೆದೆ.

"ದನ ಕಟ್ಟೋ ಗೂಟನೂ ದಿನಾ ಹಂಗೆ ಅಲ್ಲಾಡಿಸ್ತಾ ಇದ್ರೆ ಕಿತ್ಕೊಂಡು ಬತ್ತೈತೆ. ಸುಮ್ಕಿರ್ಲಾ. ಮುಟ್ಬ್ಯಾಡ."

ಸೋಮವಾರ ಡಾಕ್ಟರ ಬಳಿಗೆ ಹೋಗಲಿಲ್ಲ, ಸ್ಕೂಲಿಗೆ ಹೋದೆ. ಕಾರ್ಡಿನ ಸುದ್ದಿ ಕೇಳಿದ್ದ ನಂಜುಂಡಯ್ಯ ಮೇಷ್ಟ್ರು ಬಾಗಿಲಲ್ಲೇ ಹಿಡಿದರು. "ಅಣ್ಣನವರದು ಯಾವ ಹಲ್ಲು ಹೋಗಿತ್ತು?" ಎಂದರು. ನನ್ನ ಬಾಯಿಯ ಸಂದನ್ನೇ ತೋರಿಸಿದೆ. "ಅದೇ ಎರಡು! ಅದೇ ವಯಸ್ಸು, ಅದೇ ತಿಂಗಳು! ಇನ್ನೇನು ಪುರಾವೆ ಬೇಕು ಕಣ್ರೀ!" ಎಂದು ಎಡಗಡೆ, 'ಹುಟ್ಟು' ಎಂಬುದರ ಕೆಳಗೆ ದಪ್ಪಕ್ಷರದಲ್ಲಿ ಬರೆದು, ಅಡಿಗೆರೆ ಹಾಕಿ, ನನ್ನ ಕೈ ಕುಲುಕಿದರು. ಎತ್ತಿನ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಅಣ್ಣನ ಹಲ್ಲಿಗೆ ಎತ್ತು ಕಾರಣವಾಗುತ್ತದೆ ಸರಿ, ನನ್ನ ಹಲ್ಲಿಗೆ ಏನೆಂದು ಬರೆಯುತ್ತಾರೆ? ಇಷ್ಟು ದಿನ ಕಾದ ಮೇಲೆ ಎಡಗಡೆಗೆ ಬಂದದ್ದು ಇದೊಂದೇ. ಬಾಯಿ ಮುಚ್ಚಿಕೊಂಡೆ. ಮುಚ್ಚಿದ ಬಾಯೊಳಗೆ ನಾಲಿಗೆ ಮಾತ್ರ, ಅಣ್ಣನ ಮಾತನ್ನೂ ಲೆಕ್ಕಿಸದೆ, ಪಕ್ಕದ ಹಲ್ಲನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿತು.